ರಾಚಪ್ಪಜ್ಜನ ಒರೆನೀರು

ಫೆಬ್ರವರಿ ೩೦, ೨೨೧೯
ಒರೆಮನೆ, ಬನ್ನಿದಿಬ್ಬ

ಪೂಜ್ಯ ರಾಚಪ್ಪಜ್ಜನವರಿಗೆ ನೀಲಗಂಗಮ್ಮ ಹಲಗೇರಿಯ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲಕ್ಕೆ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಅರವತ್ತೆಂಟರ ಮುದುಕಿ ನಾನು, ಇದನ್ನು ಓದುವಾಗ ಇನ್ನೂ ಮೂವತ್ತರ ಹುಡುಗನಾಗಿರುವ ನಿಮಗೆ ಅಜ್ಜ ಅನ್ನುವುದೂ ವಿಚಿತ್ರವೇ. ಏನು ಮಾಡಲಿ, ನಮ್ಮೂರ ನಳದ ನೀರನ್ನು ಮೊದಲು ಪರೀಕ್ಷೆ ಮಾಡಿದವರು ನೀವು, ನನಗಿಂತ ಸುಮಾರು ಇನ್ನೂರು ವರ್ಷ ಹಿರಿಯರು. ನನ್ನ ಕೆಲವು ಮಾತು ನಿಮಗೆ ತಿಳಿಯಲಿಕ್ಕಿಲ್ಲ, ಕ್ಷಮೆ ಇರಲಿ. ನಿಮ್ಮ ಪ್ರಯೋಗಾಲಯ ನಮಗೆ ಒರೆಮನೆ. ಎಷ್ಟು ಫ್ಲೋರೈಡ್ ಇದೆಯೆಂದು ಮೊದಲೇ ಗೊತ್ತಿರುವ, ಮೀಟರನ್ನು ಸರಿಹೊಂದಿಸಲು ನೀವು ಬಳಸುವ ದ್ರಾವಣವೇ ನಮ್ಮ ಒರೆನೀರು. ಚಿನ್ನಕ್ಕೆ ಒರೆಗಲ್ಲು ಹೇಗೋ ಮೀಟರಿಗೆ ಇದು ಹಾಗೆ.

ಮೂವತ್ತೊಂದು ವರ್ಷದಿಂದ ನಾನಿಲ್ಲಿ ಹಿರಿಯ ಒರೆಗಾರ್ತಿ. ಬೆಳಿಗ್ಗೆ ಏಳು ಮೀಟರುಗಳನ್ನೂ ಒರೆನೀರಿಗೆ ಹಚ್ಚಿ ನೋಡಿ, ಆಮೇಲೆ ಓಣಿ ಓಣಿ ತಿರುಗಿ ಮಾದರಿ ತರುತ್ತೇವೆ. ನಳ ತಿರುಗಿಸಿ ನೂರಿಪ್ಪತ್ತು ಎಣಿಸುವವರೆಗೆ ನೀರು ಹರಿಯಬಿಡಬೇಕು, ಇಲ್ಲದಿದ್ದರೆ ಕೊಳವೆಯಲ್ಲಿ ನಿಂತ ನೀರೇ ಬಾಟಲಿಗೆ ಬರುತ್ತದೆ. ಆದರೆ ನಮ್ಮ ಕಾಲದಲ್ಲಿ ನೀರು ಹರಿಯಬಿಡುವವರನ್ನು ಕಳ್ಳರ ಹಾಗೆ ನೋಡುತ್ತಾರೆ. ಅದಕ್ಕೇ ನಾನು ಎಣಿಸುವಷ್ಟು ಹೊತ್ತೂ ಓಣಿಯ ಹೆಂಗಸರು ನಳದ ಕೆಳಗೆ ಕೊಡ ಹಿಡಿದು, ಯಕ್ಕಾ, ಸಾವಕಾಶ ಎಣಸ, ಇನ್ನೊಂದು ಕೊಡ ಐತಿ, ಎಂದು ಚೇಷ್ಟೆ ಮಾಡುತ್ತಾರೆ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ, ತುಂಬಿಸಿ, ನಿಂತಲ್ಲೇ ಚೀಟಿ ಬರೆದು ಅಂಟಿಸುತ್ತೇನೆ. ಇದರಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಸೊಕ್ಕು ಅಂದರೂ ಸರಿ.

ಇನ್ನು ನಿಮ್ಮ ಬಾಟಲಿಯ ವಿಷಯ. ನಿವೃತ್ತಿಯ ದಿನ ನೀವು ಅರ್ಧ ಬಾಟಲಿ ಒರೆನೀರನ್ನು ಶಿಷ್ಯರ ಕೈಗೆ ಕೊಟ್ಟು ಹೋದಿರಂತೆ. ನಿಮಗೆ ಅದು ಇನ್ನೂ ಆಗಬೇಕಾದದ್ದು, ನಮಗೆ ಹಳೆಯ ಕತೆ. ಗುರುಗಳು ಕೊಟ್ಟದ್ದನ್ನು ಚೆಲ್ಲಲು ಅವರಿಗೆ ಮನಸ್ಸಾಗಲಿಲ್ಲ. ಹೊಸದು ಬಂದಾಗ ಅದರ ಮೇಲೇ ಸುರಿದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಲ್ಲಿಂದ ಇದೇ ಪದ್ಧತಿ. ಪ್ರತಿ ಸಂಕ್ರಾಂತಿಗೆ ರಾಜಧಾನಿಯಿಂದ ಬರುವ ಹೊಸ ಒರೆನೀರನ್ನು ಕೈಮುಗಿದು ಹಳೆಯದರಲ್ಲಿ ಬೆರೆಸುತ್ತೇವೆ, ಬಾಟಲಿಯನ್ನು ಎಂದೂ ಬರಿದು ಮಾಡುವುದಿಲ್ಲ. ನಾನೂ ಮೂವತ್ತು ಸಲ ಬೆರೆಸಿದ್ದೇನೆ. ದಿನಾ ಮುಚ್ಚಳ ತೆಗೆದರೆ ನೀರು ಆರುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ದಟ್ಟವಾಗುತ್ತದೆ, ಅದಕ್ಕೆ ಹೊಂದಿಸಿದ ಮೀಟರು ನಳದ ನೀರಿನಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ತಲೆಗೆ ಹೊಳೆಯಲಿಲ್ಲ. ಏಳು ಮೀಟರೂ ಒಂದೇ ಅಂಕಿ ತೋರಿಸುತ್ತಿದ್ದವಲ್ಲ, ಸಂಶಯ ಎಲ್ಲಿಂದ ಬರಬೇಕು?

ಹೋದ ವರ್ಷ ನನ್ನ ಮೊಮ್ಮಗಳು ದ್ಯಾಮವ್ವನ ಹೊಸ ಹಲ್ಲುಗಳ ಮೇಲೆ ಕಂದು ಕಲೆ ಮೂಡಿದವು. ಒಂಬತ್ತು ವರ್ಷದ ಕೂಸು. ಅತ್ತೀ, ನೀರಿಂದ ಇರಬೇಕು, ಎಂದಳು ಸೊಸೆ. ನಾನು ಅವಳ ಮೇಲೆ ಹರಿಹಾಯ್ದೆ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ನಮ್ಮ ಓಣಿಯದ್ದು ಒಂದು ಪಾಯಿಂಟ್ ಎರಡು, ವರದಿಯ ಕೆಳಗೆ ನನ್ನ ಸಹಿ ಐತಿ, ಮೊದಲು ಹುಡುಗಿಗೆ ಹಲ್ಲು ತಿಕ್ಕುವುದು ಕಲಿಸು, ಎಂದೆ. ಆಮೇಲೆ ನೋಡಿದರೆ ಓಣಿಯ ಇನ್ನೂ ಹನ್ನೊಂದು ಮಕ್ಕಳ ಹಲ್ಲು ಹಾಗೇ ಇದ್ದವು. ಈ ಸಂಕ್ರಾಂತಿಗೆ ಬಂದ ಒರೆನೀರನ್ನು ನಾನು ಬೆರೆಸಲಿಲ್ಲ. ಬೇರೆ ಇಟ್ಟು, ಮೀಟರನ್ನು ಅದಕ್ಕೇ ಹೊಂದಿಸಿ, ನಮ್ಮ ಓಣಿಯ ನೀರು ಅಳೆದೆ. ಎರಡು ಪಾಯಿಂಟ್ ನಾಲ್ಕು! ಅಯ್ಯೋ ಶಿವನೇ, ನನ್ನ ಕೈಯಾರೆ ಸಹಿ ಮಾಡಿ ಕುಡಿಸಿದೆನಲ್ಲ!

ಮರುದಿನವೇ ಊರ ಸಭೆಯಲ್ಲಿ ಎಲ್ಲ ಹೇಳಿದೆ. ನಮ್ಮ ಓಣಿಯ ನಳಕ್ಕೆ ನೀರು ಬರುತ್ತಿದ್ದ ಬೋರ್‌ವೆಲ್ ಮುಚ್ಚಿಸಿದರು, ಈಗ ನಮ್ಮ ಓಣಿಗೆ ಹೊಳೆಯ ನೀರು ಬರುತ್ತದೆ. ಮಂದಿ ಬಾಯಿಗೆ ಬಂದ ಹಾಗೆ ಬೈದರು, ಬೈಯುವುದು ನ್ಯಾಯವೇ. ದ್ಯಾಮವ್ವ ಮಾತ್ರ ಬೈಯಲಿಲ್ಲ. ಅಜ್ಜಿ, ಇದು ಹೋಗತೈತೇನು ಅಂತ ಒಂದೇ ಮಾತು ಕೇಳಿದಳು. ಹೋಗುವುದಿಲ್ಲ ಎಂದೆ. ಅವಳೆದುರು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಇನ್ನೂ ತಮಾಷೆ ಕೇಳಿ. ಸತ್ಯ ಕಂಡುಹಿಡಿದವಳೆಂದು ನನ್ನ ಶಿಷ್ಯರು ಹೊಸ ಒರೆನೀರಿನ ಬಾಟಲಿಯ ಮೇಲೆ ನನ್ನ ಹೆಸರು ಬರೆದು ಕುಂಕುಮ ಹಚ್ಚಿದ್ದರು. ಒರೆಸಿ ಹಾಕಿ, ಅದನ್ನು ಚೆಲ್ಲಬೇಕಾದ ತಾರೀಖು ಬರೆಸಿದೆ.

ಅಜ್ಜಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಬೇಡಿಕೆ. ನೌಕರಿ ಬಿಡುವ ದಿನ ಉಳಿದ ಒರೆನೀರನ್ನು ಶಿಷ್ಯರ ಕಣ್ಣೆದುರಿಗೇ ಬಚ್ಚಲಿಗೆ ಚೆಲ್ಲಿಬಿಡಿ. ಅವರು ಅಯ್ಯೋ ಅನ್ನಲಿ, ಕೈ ಹಿಡಿಯಲಿ, ಕೇಳಬೇಡಿ. ನೀವು ಮಾಡಿದ್ದನ್ನೇ ನಾವು ತಲೆಮಾರುಗಟ್ಟಲೆ ಮಾಡುತ್ತೇವೆ, ಅಂಥ ಮಂದಿ ನಾವು.

ನಿನ್ನೆ ದ್ಯಾಮವ್ವನ ಶಾಲೆಯಲ್ಲಿ ನಾಟಕ ಇತ್ತು. ಕೋಡಂಗಿಯ ಕುಣಿತಕ್ಕೆ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ನಮ್ಮ ಓಣಿಯ ಹನ್ನೆರಡು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು.