ಕಾರ್ಡ್ ಕತ್ತರಿಸೋಕೆ ಮುಂಚೆ

ರೀ,

ನನ್ನ ಕತ್ತರಿ ಹುಡುಕಬೇಡಿ, ಹೊಲಿಗೆ ಅಂಗಡಿಗೆ ತಗೊಂಡು ಹೋಗ್ತಿದ್ದೀನಿ. ಬಟ್ಟೆ ಕತ್ತರಿಯಲ್ಲಿ ಪ್ಲಾಸ್ಟಿಕ್ ಕತ್ತರಿಸಿದ್ರೆ ಮೊಂಡಾಗುತ್ತೆ ಅಂತ ಎಷ್ಟು ಸಲ ಹೇಳೋದು?

"ನಾಲ್ಕು ವರ್ಷದಿಂದ ಉಪ್ಪಿನಿಂದ ಹಿಡಿದು ಸೋಪಿನವರೆಗೆ ಎಲ್ಲಾ ಈ ವಿಮಾನದ ಕ್ರೆಡಿಟ್ ಕಾರ್ಡಲ್ಲೇ ತಗೊಂಡ್ವಿ, ಪಾಯಿಂಟ್ ಸೇರಿ ಒಂದು ಫ್ರೀ ಟಿಕೆಟ್ ಹುಟ್ಟಲಿಲ್ಲ, ವರ್ಷದ ಫೀಸು ಬರೀ ದಂಡ" ಅಂತ ನಿನ್ನೆ ಕೂಗಾಡಿದ್ರಲ್ಲ, ತಪ್ಪು ಕಾರ್ಡಿನದಲ್ಲ, ನಂದು. ನಿಮ್ಮಕ್ಕನ ಊರಿಗೆ ಹೋಗೋಷ್ಟು ಪಾಯಿಂಟ್ ಎರಡು ವರ್ಷದ ಹಿಂದೇನೇ ಸೇರಿತ್ತು. ನೀವು ಕೇಳಿದಾಗಲೆಲ್ಲ "ಇನ್ನೂ ಸ್ವಲ್ಪ ಬೇಕು" ಅಂತ ಸುಳ್ಳು ಹೇಳಿದೆ.

ನಾನು ಮೂರು ದಿನ ಕೂತು ಹೊಲಿದುಕೊಟ್ಟ ಪರದೆಗಳನ್ನ ನಿಮ್ಮಕ್ಕ ಸ್ಟೋರ್ ರೂಮಿನ ಕಿಟಕಿಗೆ ಹಾಕಿದ್ರಲ್ಲ, ಆ ಸಿಟ್ಟು. ಅಷ್ಟೇ. ಬರೆಯೋಕೇ ನಾಚಿಕೆ ಆಗ್ತಿದೆ.

ಮೊನ್ನೆ ಅವರು ಫೋನ್ ಮಾಡಿ ಯಾವಾಗ ಬರ್ತೀಯೋ ಅಂದಾಗ, "ಪಾಯಿಂಟ್ ಇನ್ನೂ ಸಾಲ್ದಂತೆ ಅಕ್ಕಾ" ಅಂದ್ರಿ. ಪಕ್ಕದಲ್ಲೇ ಗುಂಡಿ ಹಚ್ಚುತ್ತಾ ಕೂತಿದ್ದ ನಾನು ಗುಂಡಿನ ತಪ್ಪು ಜಾಗಕ್ಕೆ ಹಚ್ಚಿಬಿಟ್ಟೆ.

ಕಾರ್ಡ್ ಮುಚ್ಚಿಸಿದ್ರೆ ಪಾಯಿಂಟೆಲ್ಲ ಹೋಗುತ್ತೆ. ಮೊದಲು ಟಿಕೆಟ್ ತೆಗೀರಿ, ಪಾಯಿಂಟ್ ಖಾತೆಯ ಪಾಸ್‌ವರ್ಡ್ ಈ ಚೀಟಿ ಹಿಂದೆ ಬರೆದಿದ್ದೀನಿ. ವರ್ಷಕ್ಕೊಂದ್ಸಲ ಅಕ್ಕನ ಮನೆಗೆ ಹೋಗೋದಾದ್ರೆ ಕಾರ್ಡ್ ಇಟ್ಕೊಳ್ಳೋಣ. ಇಲ್ಲದಿದ್ರೆ ನೀವು ಹೇಳಿದ್ದೇ ಸರಿ, ದಂಡ.

ಊಟ ಮುಚ್ಚಿಟ್ಟಿದ್ದೀನಿ. ನನ್ನ ಮೇಲಿನ ಸಿಟ್ಟಿಗೆ ಉಪವಾಸ ಕೂರಬೇಡಿ.

ಪಾಯಿಂಟ್ ಇಬ್ಬರಿಗೂ ಸಾಲುತ್ತೆ. ಒಬ್ಬರೇ ಹೋಗ್ತೀನಿ ಅಂದ್ರೂ ನಾನೇನೂ ಅನ್ನಲ್ಲ. ಕರೆದ್ರೆ ಬರ್ತೀನಿ. ಆ ಪರದೆ ಇನ್ನೂ ಸ್ಟೋರ್ ರೂಮಲ್ಲೇ ನೇತಾಡ್ತಿದ್ರೂ ತುಟಿ ಪಿಟಕ್ ಅನ್ನಲ್ಲ.