ನೀನು ಕಿತ್ತ ಬಿಳಿ ಕಸ

ಇಂಡಿ
೨ ಜನವರಿ ೨೦೦೧

ರೇವಕ್ಕನಿಗೆ,

ಪರಪ್ಪನ ನಮಸ್ಕಾರ. ಕ್ಷೇಮವೆಂದು ಬರೆಯುವುದು ಪದ್ಧತಿ. ಈ ಸಲ ಬರೆಯಲಾರೆ.

ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಬಂದವಳು ನೀನು. ಸಜ್ಜೆಯ ಕಡಬು ಮಾಡಿದೆ, ಉಂಡೆವು, ಸಂತೋಷ. ಹಿತ್ತಲಿಗೆ ಹೋಗಿ ನಿನ್ನ ಸೋದರಸೊಸೆ ಜಯಮಾಲಾ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿದ್ದ ಬಿಳಿ ಹೂವಿನ ಕಸವನ್ನೆಲ್ಲ ಕಿತ್ತು ತಿಪ್ಪೆಗೆ ಎಸೆಯಲು ಯಾರು ಹೇಳಿದ್ದರು? ಜೋಳದ ಬುಡದಲ್ಲಿ ಆ ಕಸ ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ, ಒಪ್ಪಿದೆ. ಒಂದು ಮಾತು ಕೇಳಬಾರದಿತ್ತೆ?

ಆ ಕಸವೇ ಅವಳ ಬೆಳೆ, ಅಕ್ಕ. ಅದು ಜೋಳದ ಬೇರಿಗೆ ಕಚ್ಚಿ ಹೀರುತ್ತದೆ. ಇಂಗ್ಲಿಷಿನಲ್ಲಿ ಜೋಳ ಹೋಸ್ಟ್, ಕಸ ಪ್ಯಾರಸೈಟ್. 'ಕೋ' ಎಂದು ಶುರುವಾಗುವ ಇನ್ನೊಂದು ಶಬ್ದವೂ ಇತ್ತು, ನನ್ನ ಪಿ.ಯು.ಸಿ. ಇಂಗ್ಲಿಷ್ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಜೋಳ ತಪ್ಪಿಸಿಕೊಳ್ಳಲು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದಂತೆ, ಕಸವೂ ಬೆನ್ನು ಹತ್ತಿ ಬದಲಾಗುತ್ತದಂತೆ. ನಮ್ಮೂರ ಕಸಕ್ಕೆ ನಮ್ಮೂರ ಜೋಳವೇ ಸಲೀಸೋ, ಪರವೂರಿನದೋ? ಅದನ್ನು ನೋಡಲೆಂದೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕಡೆಯ ಜೋಳಕ್ಕೆ ನಾಲ್ಕೂ ಕಡೆಯ ಕಸದ ಬೀಜ ಕೂಡಿಸಿ ಬಿತ್ತಿದ್ದಳು. ಯಾವ ಡಬ್ಬಿಯಲ್ಲಿ ಎಷ್ಟು ಎದ್ದಿದೆ ಎಂದು ಎಣಿಸಲು ಶನಿವಾರ ಧಾರವಾಡದಿಂದ ಬಂದಳು. ಎಣಿಸಲು ಏನಿತ್ತು? ಈ ಹಂಗಾಮು ತಪ್ಪಿದರೆ ಅವಳ ಎಂ.ಎಸ್ಸಿ. ಒಂದು ವರ್ಷ ಹಿಂದೆ.

ನಾನು ಸಿಟ್ಟಾದಾಗ ತಪ್ಪಾಯಿತೆಂದಿದ್ದರೆ ಮುಗಿಯುತ್ತಿತ್ತು. ನೀನು ಸೆರಗು ಜಾಡಿಸಿ, "ಹೆಂಗಸಿಲ್ಲದ ಮನಿ ನೋಡಪಾ, ಡಬ್ಬ್ಯಾಗೂ ಕಸಾನ ಬೆಳಿತೈತಿ" ಅಂದೆ. ನನ್ನ ಲಕ್ಕವ್ವ ಸತ್ತು ವರ್ಷ ತುಂಬಿಲ್ಲ. ಅದಕ್ಕೇ ನಿನ್ನನ್ನು ಬಸ್ಸಿನವರೆಗೆ ಕಳಿಸಲು ಬರಲಿಲ್ಲ. ಬರಲಿಲ್ಲವೆಂದು ಬೇಸರವೂ ಇಲ್ಲ.

ಮಗಳು ಅಳಲಿಲ್ಲ. ಒಂದು ಡಬ್ಬಿಯ ಮಣ್ಣು ಕೆದಕಿ ನೋಡಿ, ನನ್ನ ಕಡೆ ನೋಡದೆ, "ಮ್ಯಾಲಿಂದು ಹೋದ್ರೂ ಬೇರಿಗೆ ಕಚ್ಚಿದ್ದು ಉಳದಿರ್ತೈತಿ. ತೊಳದು ಎಣಸ್ತೇನಿ" ಅಂದಳು. ಈಗ ಒಂದೊಂದೇ ಡಬ್ಬಿ ಕೊಯ್ದು ಬೇರು ತೊಳೆಯುತ್ತಿದ್ದಾಳೆ. ನೀನು ಜಗ್ಗಿದ ರಭಸಕ್ಕೆ ಎಷ್ಟು ಹರಿದಿವೆಯೋ. ಸಿಂದಗಿಯ ಜೋಳದಲ್ಲಿ ಸಿಕ್ಕವು, ಉಳಿದವುಗಳ ಭರವಸೆ ನನಗಿಲ್ಲ.

ಬರೆಯುವುದು ಇನ್ನೂ ಇತ್ತು, ಬೇರು ತೊಳೆಯಲು ನೀರು ಸೇದಿಡಬೇಕು.

ನಿನ್ನ ತಮ್ಮ,
ಪರಪ್ಪ

ತಾ.ಕ.: ಕಿತ್ತವನು ನಾನೇ ಎಂದು ಜಯಮಾಲಾಳಿಗೆ ಹೇಳಿದ್ದೇನೆ. ತಾಯಿ ಹೋದ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುವುದು ನಿನ್ನೊಬ್ಬಳ ಹತ್ತಿರ. ನನ್ನ ಜೊತೆ ಈಗ ಮಾತು ಬಿಟ್ಟಿದ್ದಾಳೆ. ಬಂದು ಬೇರು ತೊಳೆಯಲು ಕೈ ಹಚ್ಚು. ಬಾಯಿ ಮಾತ್ರ ಬಿಡಬೇಡ.