ತೋಳಿನ ಪಟ್ಟಿ ಬಿಚ್ಚಿದ್ದು ಯಾಕೆ?

ರೀ,

ಎದುರಿಗಿದ್ದಾಗ ಕೇಳಬೇಕಾದದ್ದನ್ನು ಈಗ ಕಾಗದದಲ್ಲಿ ಕೇಳುತ್ತಿದ್ದೇನೆ. ಅಳು ಇನ್ನೂ ಮುಗಿದಿಲ್ಲ. ಆದರೆ ಅದರೊಳಕ್ಕೆ ಈಗ ಅನುಮಾನವೂ ಸೇರಿಕೊಂಡಿದೆ. ಸತ್ತವರ ಮೇಲೆ ಅನುಮಾನಪಡುವುದು ಎಂಥ ಕಷ್ಟ ಗೊತ್ತೇ? ಜಗಳವಾಡಲು ಎದುರಿಗೆ ಯಾರೂ ಇರುವುದಿಲ್ಲ.

ಹೋದ ವಾರ ಠಾಣೆಯಿಂದ ಹವಾಲ್ದಾರರೊಬ್ಬರು ನಿಮ್ಮನ್ನು ಕೇಳಿಕೊಂಡು ಬಂದರು. ನೀವು ಇಲ್ಲವೆಂದು ತಿಳಿದ ಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಆಮೇಲೆ ವಿಷಯ ಹೇಳಿದರು. ನಮ್ಮಣ್ಣನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಹೊಲಿಗೆಯವಳು ದೂರು ಕೊಟ್ಟಿದ್ದಾಳಂತೆ. ಪೊಲೀಸರಂತೆ ಬಟ್ಟೆ ಹಾಕಿಕೊಂಡವರೊಬ್ಬರು ಬಂದು, ಕೋಣೆ ಖಾಲಿ ಮಾಡೆಂದು ಹೇಳಿ ಹೋದರಂತೆ. ಠಾಣೆಯಲ್ಲಿ ವಿಚಾರಿಸಿದರೆ ಅಲ್ಲಿಂದ ಯಾರೂ ಹೋಗಿರಲಿಲ್ಲ. ಕೆಲವು ದಿನಗಳ ನಂತರ ಆಸ್ಪತ್ರೆಯ ಗೇಟಿನಲ್ಲಿ ನಿಮ್ಮನ್ನು ನೋಡಿ ಅವಳು ಗುರುತು ಹಿಡಿದಳಂತೆ.

ನನಗೆ ಸಿಟ್ಟು ಬಂತು. ಅವರು ಆಸ್ಪತ್ರೆಯ ಸೆಕ್ಯುರಿಟಿ, ಖಾಕಿ ಅವರ ಕೆಲಸದ ಬಟ್ಟೆ, ಅದನ್ನು ತೊಡುವುದೂ ತಪ್ಪೇ ಎಂದು ಕೇಳಿದೆ. ಹವಾಲ್ದಾರರು ನಕ್ಕರು. “ಖಾಕಿ ಹಾಕಿದೋರೆಲ್ಲ ಪೊಲೀಸ್ ಆಗಿದ್ರೆ ಪೋಸ್ಟ್‌ಮನ್ನಿಗೂ ನಾನು ಸೆಲ್ಯೂಟ್ ಹೊಡೀಬೇಕಿತ್ತು. ಬಟ್ಟೆ ಒಂದೇ ಥರ ಇದ್ದ ಮಾತ್ರಕ್ಕೆ ಅಪರಾಧ ಆಗಲ್ಲಮ್ಮ. ಆದ್ರೆ ನನ್ನನ್ನ ಪೊಲೀಸ್ ಅಂತ ನಂಬ್ಲಿ ಅಂತ್ಲೇ ಹಾಕ್ಕೊಂಡು ಹೋಗಿದ್ರೆ ಅದು ಬೇರೆ ಮಾತು,” ಎಂದರು.

ನಂಬಲಿ ಎಂದೇ ಹೋಗಿದ್ದಿರಾ? ಅವರು ಹೋದ ಮೇಲೆ ನಿಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಿಮ್ಮನ್ನು ಕೆಲಸಕ್ಕಿಟ್ಟ ಕಂಪನಿಯವರು ಕೊಟ್ಟ ‘ಸೆಕ್ಯುರಿಟಿ’ ಎಂಬ ಪಟ್ಟಿಯನ್ನು ತೋಳಿಗೆ ಹೊಲಿದವಳು ನಾನು. ನನ್ನ ಹೊಲಿಗೆ ಸಣ್ಣದು, ಒತ್ತೊತ್ತಾದದ್ದು. ಈಗ ಅಲ್ಲಿರುವುದು ಉದ್ದುದ್ದ ಹೊಲಿಗೆ, ದಾರವೂ ಎರಡೆಳೆ. ಗುಂಡಿ ಕಿತ್ತುಹೋದಾಗಲೆಲ್ಲ ನೀವು ಹೀಗೇ ಹಾಕುತ್ತಿದ್ದಿರಿ, ನಾನು ಗೋಣಿಚೀಲ ಹೊಲಿದಂತಿದೆ ಎಂದು ನಗುತ್ತಿದ್ದೆ. ನನಗೆ ಕಾಣದಂತೆ ಪಟ್ಟಿ ಬಿಚ್ಚಿದ್ದೀರಿ. ನನಗೆ ಕಾಣದಂತೆಯೇ ಮತ್ತೆ ಹಚ್ಚಿದ್ದೀರಿ.

ಅಣ್ಣನನ್ನು ಕೇಳಿದೆ. ಭಾವ ಯಾಕೆ ಹೋಗಿದ್ದರೋ ತನಗೇನೂ ತಿಳಿಯದು ಎಂದ. ಅವರಿಗೆ ಮೊದಲಿಂದಲೂ ಪೊಲೀಸ್ ಆಗುವ ಹುಚ್ಚಿತ್ತು, ಠಾಣೆಯಲ್ಲಿ ಹಾಗೆಂದೇ ಹೇಳಿ ಮುಗಿಸಿಬಿಡು ಎಂದೂ ಹೇಳಿಕೊಟ್ಟ. ನಾನು ತಲೆ ಬಗ್ಗಿಸಿ ಕೇಳುತ್ತಿದ್ದೆ. ಅಷ್ಟರಲ್ಲಿ ಅವನೇ, “ಕೆಂಪು ಬೂಟು ಹಾಕ್ಕೊಂಡು ಬಾಗಿಲಲ್ಲಿ ನಿಂತ್ರೆ ಎಂಥೋರೂ ಹೆದರ್ತಾರೆ ಬಿಡು,” ಎಂದುಬಿಟ್ಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು. ಹವಾಲ್ದಾರರು ಬೂಟಿನ ಮಾತು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಪೊಲೀಸರ ಹಾಗೆ ಕೆಂಪಲ್ಲ, ನಿಮ್ಮ ಬೂಟು ಕಪ್ಪು.

ಮಾರನೆಯ ದಿನ ಅಣ್ಣ ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ಮಹಡಿ ಹತ್ತಿದೆ. ಬಾಗಿಲು ತಟ್ಟಿದರೆ ಒಳಗೆ ಭಾರವಾದದ್ದೇನೋ ಎಳೆದ ಸದ್ದು. ಹೊಲಿಗೆ ಮಿಷನ್. ನೀವು ಬಂದು ಹೋದ ದಿನದಿಂದ ಅದನ್ನು ಬಾಗಿಲಿಗೆ ಅಡ್ಡವಿಟ್ಟುಕೊಂಡೇ ಇದ್ದಾಳಂತೆ. ನಾನು ಯಾರೆಂದು ತಿಳಿದ ಮೇಲೆ ಅವಳು ನನ್ನ ಮುಖವನ್ನು ಅಳೆಯುವಂತೆ ನೋಡಿದಳು. ಅವಳಿಗೂ ಅನುಮಾನ, ಪಾಪ. ಕೊನೆಗೆ ಹೇಳಿದಳು. “ಯಾವ ಠಾಣೆ ಸಾರ್ ಅಂತ ಕೇಳ್ದೆ ಅಕ್ಕ. ಪೊಲೀಸ್ ಅಂತ ಹೇಳ್ಲಿಲ್ಲ, ಅಲ್ಲ ಅಂತ್ಲೂ ಹೇಳ್ಲಿಲ್ಲ. ತಿಂಗಳೊಳಗೆ ಖಾಲಿ ಮಾಡಿ ಅಂದ್ರು, ಕುಂಟ್ಕೊಂಡು ಇಳಿದು ಹೋದ್ರು.”

ಆ ಸಂಜೆ ನನಗೆ ನೆನಪಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ದಿನವಿಡೀ ನಿಂತೇ ಇದ್ದೆ ಎಂದಿರಿ. ನಾನು ಬಿಸಿನೀರು ಕಾಯಿಸಿ ನಿಮ್ಮ ಕಾಲು ಒತ್ತಿದೆ. ಅಣ್ಣನ ಪಾದ ನಿಮ್ಮದಕ್ಕಿಂತ ಚಿಕ್ಕದು ಎಂದು ಆಗ ಯಾಕೆ ಹೊಳೆದೀತು?

ಆಸ್ಪತ್ರೆಯ ಕೆಲಸ ನಿಮಗೆ ಕೊಡಿಸಿದವನು ಅಣ್ಣ. ಅವನ ಮಾತು ತೆಗೆದುಹಾಕಲು ನಿಮಗೆ ನಾಲಿಗೆ ಬಂದಿರಲಾರದು. ಇಷ್ಟು ನನಗೆ ಅರ್ಥವಾಗುತ್ತದೆ. ಆದರೆ ಒಬ್ಬಳೇ ಇರುವ ಹೆಂಗಸು ಬಾಗಿಲಲ್ಲಿ ನಿಂತು ಸಾರ್ ಎಂದಾಗ, ನಾನು ಪೊಲೀಸಲ್ಲಮ್ಮ ಎನ್ನಲು ಎಷ್ಟು ಉಸಿರು ಬೇಕಿತ್ತು?

ಆ ಕೆಂಪು ಬೂಟು ನಿನ್ನದೇ ತಾನೆ ಎಂದು ಅಣ್ಣನನ್ನು ನೇರವಾಗಿ ಕೇಳಿದೆ. ಅವನು ಅಲ್ಲಗಳೆಯಲಿಲ್ಲ. “ಹೋದೋರ ಹೆಸರು ಕೆಟ್ರೆ ಅವರಿಗೇನಾಗುತ್ತೆ ತಂಗಿ? ಇರೋರು ಬದುಕ್ಬೇಕಲ್ಲ. ಅವಳು ಖಾಲಿ ಮಾಡ್ಲಿ, ಆ ಕೋಣೆಗೆ ನೀನೇ ಬಂದಿರು,” ಎಂದ. ಕಂಪನಿಯವರು, ನಿಮ್ಮ ಕೆಲಸದ ಜೊತೆಗೆ ಕೊಟ್ಟಿದ್ದ ಈ ಮನೆ ಬಿಡಿ ಎಂದು ಈಗಾಗಲೇ ಎರಡು ಸಲ ಹೇಳಿದ್ದಾರೆ. ಸುಳ್ಳೇಕೆ, ಒಂದು ಗಳಿಗೆ ಮನಸ್ಸಿನಲ್ಲೇ ಆ ಕೋಣೆಯಲ್ಲಿ ನನ್ನ ಮಂಚವನ್ನು ಹಾಕಿ ನೋಡಿದೆ.

ಇವತ್ತು ಬೆಳಿಗ್ಗೆ ಠಾಣೆಗೆ ಹೋಗಿ ಬಂದೆ. ಅಂಗಿ ಕೊಟ್ಟೆ. ಬೂಟಿನ ವಿಷಯ, ಅಣ್ಣನ ಮಾತು, ಎಲ್ಲ ಹೇಳಿದೆ. ಹವಾಲ್ದಾರರು ಬರೆಯುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: “ನಿಮ್ಮ ಯಜಮಾನ್ರು ಪೊಲೀಸ್ ಅಂತ ನಂಬ್ಸೋಕೇ ಹೋಗಿದ್ರು ಅಂತೀರಾ?” ಅಣ್ಣ ಕಳಿಸಿದ, ಇವರಿಗೆ ತಿಳಿಯಲಿಲ್ಲ ಎಂದಿದ್ದರೆ ನಿಮ್ಮ ಹೆಸರು ಉಳಿಯುತ್ತಿತ್ತೇನೋ. ನಾನು “ಹೌದು” ಎಂದೆ.

ಅಣ್ಣನಿಗೆ ಸುದ್ದಿ ಮುಟ್ಟಿದೆ. ಇನ್ನು ಅವನ ಹೊಸ್ತಿಲು ನನಗಿಲ್ಲ. ನಾಳೆಯಿಂದ ಬೇರೆ ಕೋಣೆ ಹುಡುಕಬೇಕು. ಇದಕ್ಕಾಗಿ ನಿಮ್ಮ ಮೇಲೆ ಸಿಟ್ಟಿದೆ. ಆ ಸಿಟ್ಟಿನಲ್ಲೂ, ಬೀದಿಯಲ್ಲಿ ಬೂಟಿನ ಸದ್ದು ಕೇಳಿದರೆ ನೀವೇ ಬಂದಿರೆಂದು ಎದ್ದು ನಿಲ್ಲುತ್ತೇನೆ.

ನಿಮಗೆ ಶಾಂತಿ ಸಿಗಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಆದರೆ ಆ ಹೆಂಗಸು ಬಾಗಿಲಿನಿಂದ ಮಿಷನ್ ಸರಿಸಿದ ಮೇಲೆಯೇ ಸಿಗಲಿ.

ಸಿಟ್ಟಿನಲ್ಲೂ ನಿಮ್ಮವಳೇ ಆದ,
ನಾನು